ಹೊರೆ ಹೊರುವವರ ತಟ್ಟೆಯಲ್ಲಿ ಪ್ರೋಟೀನು ಎಷ್ಟಿರಬೇಕು?



ನಮ್ಮ ಕಾಸರಗೋಡು, ಮಂಜೇಶ್ವರದ ಕಡೆಯ ಮನೆಗಳಲ್ಲಿ ಈಗ ಎರಡು ಬಗೆಯ ಭಾರ ಎತ್ತುವವರು ಇದ್ದಾರೆ. ಒಬ್ಬರು ತಂದೆ. ಅಡಿಕೆ ಗೋಣಿ, ಗೊಬ್ಬರದ ಬುಟ್ಟಿ, ತೆಂಗಿನಕಾಯಿ, ಸಿಮೆಂಟು ಚೀಲ ಎಂದು ದಿನವಿಡೀ ಎತ್ತಿ ಇಳಿಸುವವರು. ಇನ್ನೊಬ್ಬ ಮಗ. ಸಂಜೆ ಪೇಟೆಯ ಜಿಮ್ಮಿಗೆ ಹೋಗಿ ಕಬ್ಬಿಣದ ಭಾರ ಎತ್ತುವವನು. ಮಗನಿಗೆ ಡಬ್ಬದ ಪುಡಿ ಬೇಕು; ತಂದೆಗೆ ಗಂಜಿ ಮತ್ತು ಉಪ್ಪಿನಕಾಯಿ ಸಾಕು ಎಂಬುದು ಹಲವು ಮನೆಗಳ ಲೆಕ್ಕ. ಈ ಲೆಕ್ಕ ಎರಡೂ ಕಡೆಯಿಂದ ತಪ್ಪು. ಅದು ಹೇಗೆಂದು ಈ ಸಲದ ಪಾಠದಲ್ಲಿ ನೋಡೋಣ. ಇದೇ ಮನೆಯಲ್ಲಿ ಮೂರನೆಯ ಒಬ್ಬರೂ ಇದ್ದಾರೆ. ಅವರ ವಿಷಯ ಮುಂದೆ ಬರುತ್ತದೆ.

ಪ್ರೋಟೀನು ಎಂದರೇನು?

ಶಾಲೆಯ ಪುಸ್ತಕದಲ್ಲಿ ನಾವು ಇದನ್ನು ಸಸಾರಜನಕ ಎಂದು ಓದಿದ್ದೇವೆ. ಅಕ್ಕಿ, ಬೆಲ್ಲ, ಎಣ್ಣೆ ಮುಖ್ಯವಾಗಿ ಉರಿಯುವ ಸೌದೆಯಿದ್ದ ಹಾಗೆ. ಅವು ದೇಹಕ್ಕೆ ಶಕ್ತಿ ಕೊಡುತ್ತವೆ. ಪ್ರೋಟೀನು ಗೋಡೆ ಕಟ್ಟುವ ಕಲ್ಲಿದ್ದ ಹಾಗೆ. ಸ್ನಾಯು, ಚರ್ಮ, ರಕ್ತ ಎಲ್ಲವೂ ಅದರಿಂದ ಕಟ್ಟಲ್ಪಡುತ್ತವೆ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳು ಸ್ವಲ್ಪ ಸವೆಯುತ್ತವೆ. ಮುಂದಿನ ಒಂದೆರಡು ದಿನಗಳಲ್ಲಿ ದೇಹ ಅದನ್ನು ಸರಿಪಡಿಸಿ ಮೊದಲಿಗಿಂತ ಗಟ್ಟಿ ಮಾಡುತ್ತದೆ. ಆ ದುರಸ್ತಿಗೆ ಕಲ್ಲು ಬೇಕು. ಕಲ್ಲು ಸಾಲದಿದ್ದರೆ ದೇಹ ತನ್ನದೇ ಸ್ನಾಯುವಿನಿಂದ ಕಿತ್ತು ಬೇರೆ ಕಡೆ ಇಡುತ್ತದೆ.

ಇನ್ನೊಂದು ಮಾತು. ಹೊಟ್ಟೆಗೆ ಬೇಕಾದಷ್ಟು ಅನ್ನವೇ ಇಲ್ಲದಿದ್ದರೆ ದೇಹ ಪ್ರೋಟೀನನ್ನೂ ಸೌದೆಯಾಗಿ ಸುಟ್ಟುಬಿಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯಂತೆ, ಕುಳಿತು ಕೆಲಸ ಮಾಡುವ 65 ಕಿಲೊ ತೂಕದ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ ಸಾಕು. ಭಾರವಾದ ಕೆಲಸ ಮಾಡುವವನಿಗೆ ಸುಮಾರು 3,470 ಬೇಕು. ಆದ್ದರಿಂದ ಹೊರೆ ಹೊರುವವನು ಅನ್ನ ಬಿಟ್ಟು ಬರೀ ಮೊಟ್ಟೆ ತಿಂದರೆ ಕಲ್ಲನ್ನು ಒಲೆಗೆ ಹಾಕಿದಂತೆ. ಮೊದಲು ಹೊಟ್ಟೆ ತುಂಬಬೇಕು, ಅದರ ಜೊತೆಗೆ ಪ್ರೋಟೀನು ಸೇರಬೇಕು.

ಎಷ್ಟು ಬೇಕು?

ಅದೇ ಮಂಡಳಿಯ ಲೆಕ್ಕದಲ್ಲಿ ಆರೋಗ್ಯವಂತ ದೊಡ್ಡವರಿಗೆ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 65 ಕಿಲೊ ಗಂಡಸಿಗೆ 54 ಗ್ರಾಂ, 55 ಕಿಲೊ ಹೆಂಗಸಿಗೆ ಸುಮಾರು 46 ಗ್ರಾಂ. ಇದು ಕೊರತೆಯಾಗದಂತೆ ಕಾಯುವ ಅಳತೆ.

ಸ್ನಾಯು ಬೆಳೆಸಬೇಕೆಂದು ಕ್ರಮವಾಗಿ ಭಾರ ಎತ್ತುವವರಿಗೆ ಇದಕ್ಕಿಂತ ಹೆಚ್ಚು ಪ್ರಯೋಜನಕಾರಿ. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಿಲೊಗೆ ಸುಮಾರು 1.6 ಗ್ರಾಂವರೆಗೆ ಲಾಭ ಕಂಡುಬಂತು. ಅದಕ್ಕಿಂತ ಮೇಲೆ ತಿಂದದ್ದರಿಂದ ಹೆಚ್ಚಿನ ಸ್ನಾಯು ಬರಲಿಲ್ಲ. ಆದ್ದರಿಂದ ನಾವು ಹೀಗೆ ನೆನಪಿಟ್ಟುಕೊಳ್ಳೋಣ:

ಸಾಧಾರಣ ಕೆಲಸದವರಿಗೆ ಕಿಲೊಗೆ 0.8ರಿಂದ 1 ಗ್ರಾಂ.
ದಿನವೂ ಹೊರೆ ಹೊರುವವರಿಗೆ, ಜಿಮ್ಮಿಗೆ ಹೋಗುವವರಿಗೆ 1.2ರಿಂದ 1.6 ಗ್ರಾಂ.
65 ವರ್ಷ ದಾಟಿದವರಿಗೆ 1ರಿಂದ 1.2 ಗ್ರಾಂ, ಪ್ರಾಯವಾದಂತೆ ಸ್ನಾಯು ತಾನಾಗಿ ಕರಗುವುದರಿಂದ.

ಹೀಗೆ 60 ಕಿಲೊ ತೂಕದ ಒಬ್ಬ ಕೆಲಸಗಾರನಿಗೆ ಕಡಿಮೆಯೆಂದರೆ 50 ಗ್ರಾಂ, ಒಳ್ಳೆಯದೆಂದರೆ 72ರಿಂದ 96 ಗ್ರಾಂ. ಬೊಜ್ಜು ಇರುವವರು ಈಗಿನ ತೂಕದಿಂದಲ್ಲ, ತಮ್ಮ ಎತ್ತರಕ್ಕೆ ಇರಬೇಕಾದ ತೂಕದಿಂದ ಲೆಕ್ಕ ಹಾಕಲಿ.

ನಮ್ಮ ತಟ್ಟೆಯ ಲೆಕ್ಕ

ಮೀನು ಇಲ್ಲದ ಒಂದು ದಿನವನ್ನು ತೆಗೆದುಕೊಳ್ಳೋಣ. ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅನ್ನ ಸಾಂಬಾರು, ರಾತ್ರಿ ಅನ್ನ ಪಲ್ಯ, ನಡುವೆ ಚಹಾ. ದಿನಕ್ಕೆ 400 ಗ್ರಾಂ ಅಕ್ಕಿಯಿಂದ 31 ಗ್ರಾಂ ಪ್ರೋಟೀನು. ಸಾಂಬಾರಿನ 20 ಗ್ರಾಂ ಬೇಳೆಯಿಂದ 4. ಚಹಾದ 100 ಮಿಲಿ ಹಾಲಿನಿಂದ 3. ತರಕಾರಿ, ತೆಂಗಿನಕಾಯಿಯಿಂದ ಸುಮಾರು 4. ಒಟ್ಟು 42 ಗ್ರಾಂ.

ನೋಡಿ, 60 ಕಿಲೊ ತೂಕದವನಿಗೆ ಕನಿಷ್ಠ ಬೇಕಾದ 50 ಕೂಡ ಆಗಲಿಲ್ಲ. ಹೊಟ್ಟೆ ತುಂಬಿದೆ, ಕೈ ತುಂಬಿಲ್ಲ. ಅದರಲ್ಲೂ ಮುಕ್ಕಾಲು ಪಾಲು ಅಕ್ಕಿಯಿಂದಲೇ ಬಂದದ್ದು. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಒಂದು ಅಂಶ ಕಡಿಮೆ. ಕಾಳುಗಳಲ್ಲಿ ಅದು ಧಾರಾಳವಾಗಿದೆ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಇಡ್ಲಿಗೆ ಅಕ್ಕಿ ಉದ್ದು ಸೇರಿಸಿದ ನಮ್ಮ ಹಿರಿಯರು ಈ ಹೆಸರುಗಳನ್ನು ಕೇಳಿರಲಿಲ್ಲ, ಆದರೆ ಕೆಲಸ ಸರಿಯಾಗಿಯೇ ಮಾಡಿದ್ದರು. ಸುಮಾರು ಮೂರು ಪಾಲು ಅಕ್ಕಿಗೆ ಒಂದು ಪಾಲು ಕಾಳು ಎಂಬುದು ಒಳ್ಳೆಯ ಅಳತೆ.

ಎಲ್ಲಿಂದ ತರುವುದು?

ಒಣಗಿದ, ಬೇಯಿಸದ 100 ಗ್ರಾಮಿನಲ್ಲಿ ಇರುವ ಪ್ರೋಟೀನು ಸರಿಸುಮಾರು ಹೀಗಿದೆ: ಹುರುಳಿ 22 ಗ್ರಾಂ, ಹೆಸರು 22, ಉದ್ದಿನಬೇಳೆ 23, ತೊಗರಿಬೇಳೆ 22, ಅಲಸಂಡೆ ಬೀಜ 20, ಕಡಲೆ 19, ನೆಲಗಡಲೆ 24, ಸೋಯಾ 35ಕ್ಕೂ ಮೇಲೆ. ಹಸಿ ಬೂತಾಯಿ, ಬಂಗುಡೆಯ 100 ಗ್ರಾಂ ಮಾಂಸದಲ್ಲಿ 18ರಿಂದ 20. ಎಲುಬಿಲ್ಲದ ಕೋಳಿಮಾಂಸದಲ್ಲಿ 20ರ ಸುಮಾರು. ಒಂದು ಮೊಟ್ಟೆಯಲ್ಲಿ 6. ಒಂದು ಲೋಟ, ಅಂದರೆ 200 ಮಿಲಿ ಹಾಲಿನಲ್ಲಿ ಅಥವಾ ಮೊಸರಿನಲ್ಲಿ 6. ಮರಗೆಣಸಿನಲ್ಲಿ 100 ಗ್ರಾಮಿಗೆ ಕೇವಲ 1ರ ಸುಮಾರು. ಆದ್ದರಿಂದಲೇ ಮರಗೆಣಸು ತಿನ್ನುವ ದಿನ ಜೊತೆಗೆ ಮೀನು ಇರಬೇಕು.

ಇಲ್ಲಿ ಒಂದು ಎಚ್ಚರಿಕೆ. ಕಾಳು ಬೆಂದಾಗ ನೀರು ಕುಡಿದು ತೂಕ ಹೆಚ್ಚುತ್ತದೆ. ಬೆಂದ ಹುರುಳಿಯ 100 ಗ್ರಾಮಿನಲ್ಲಿ 22 ಗ್ರಾಂ ಇಲ್ಲ, ಏಳೆಂಟು ಗ್ರಾಂ ಇರಬಹುದು. ಅಳೆಯುವುದಾದರೆ ಹಸಿಯಾಗಿರುವಾಗಲೇ ಅಳೆಯಿರಿ. ಹಾಗೆಯೇ ಹುರುಳಿ ಸಾರಿನ ತಿಳಿ ಮಾತ್ರ ಬಡಿಸಿಕೊಂಡು ಕಾಳನ್ನು ದನಕ್ಕೆ ಹಾಕಿದರೆ, ಪ್ರೋಟೀನಿನ ದೊಡ್ಡ ಪಾಲು ಹಟ್ಟಿಗೆ ಹೋಯಿತೆಂದೇ ತಿಳಿಯಿರಿ. ಸಾರು ಮಾಡಿ, ಕಾಳನ್ನು ಪಲ್ಯವೋ ಚಟ್ನಿಯೋ ಮಾಡಿ ತಿನ್ನಿ. ರಾತ್ರಿ ನೆನೆಹಾಕಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಹೊಟ್ಟೆ ಉಬ್ಬರವೂ ಕಡಿಮೆ.

ಈಗ ಹಿಂದಿನ 42 ಗ್ರಾಮಿಗೆ ಸೇರಿಸೋಣ. 50 ಗ್ರಾಂ ಹುರುಳಿ, 11. ಎರಡು ಮೊಟ್ಟೆ, 12. 300 ಮಿಲಿ ಹಾಲು ಅಥವಾ ಮೊಸರು, 9. 30 ಗ್ರಾಂ ನೆಲಗಡಲೆ, 7. ಸೇರಿಸಿದ್ದು 39, ಒಟ್ಟು 81. ಮೀನು ಸಿಕ್ಕಿದ ದಿನ 100 ಗ್ರಾಂ ಬೂತಾಯಿ ಸೇರಿದರೆ 99. ಅಂದರೆ ಯಾವ ಡಬ್ಬವೂ ಇಲ್ಲದೆ, ನಮ್ಮ ಅಡುಗೆಮನೆಯಿಂದಲೇ 1.6ರ ಅಳತೆಯನ್ನು ದಾಟಿದೆವು.

ಇದನ್ನು ಒಂದೇ ಹೊತ್ತಿಗೆ ತಿನ್ನಬೇಡಿ. ಮೂರು ನಾಲ್ಕು ಹೊತ್ತಿಗೆ 20ರಿಂದ 25 ಗ್ರಾಂ ಬರುವಂತೆ ಹಂಚಿಕೊಳ್ಳುವುದು ಉತ್ತಮ. ನಮ್ಮಲ್ಲಿ ಹೆಚ್ಚು ಸೊರಗುವುದು ಬೆಳಗಿನ ಹೊತ್ತು. ಗಂಜಿ ಉಪ್ಪಿನಕಾಯಿಯಲ್ಲಿ 6 ಗ್ರಾಂ ಸಿಕ್ಕಿದರೆ ಹೆಚ್ಚು. ಅದೇ ಗಂಜಿಗೆ ಹೆಸರುಕಾಳಿನ ಗಸಿ ಮತ್ತು ಒಂದು ಬೇಯಿಸಿದ ಮೊಟ್ಟೆ ಸೇರಲಿ. ಭಾರ ಎತ್ತಿದ ಅರ್ಧ ಗಂಟೆಯೊಳಗೆ ಪ್ರೋಟೀನು ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂದು ಹುಡುಗರು ಹೆದರುವುದುಂಟು. ಹಾಗೇನೂ ಇಲ್ಲ. ದಿನದ ಒಟ್ಟು ಮೊತ್ತವೇ ಮುಖ್ಯ.

ಹಸಿ ಮೊಟ್ಟೆ ಒಡೆದು ಕುಡಿದರೆ ಶಕ್ತಿ ಹೆಚ್ಚು ಎಂಬ ಮಾತೂ ಇದೆ. ಇದು ತಿರುಗುಮುರುಗು. ಬೇಯಿಸಿದ ಮೊಟ್ಟೆಯ ಪ್ರೋಟೀನು ನೂರಕ್ಕೆ 90ರಷ್ಟು ದೇಹಕ್ಕೆ ಸೇರಿದರೆ, ಹಸಿಯದರಲ್ಲಿ ಸೇರುವುದು ಅರ್ಧದಷ್ಟು ಮಾತ್ರ. ಮೇಲಾಗಿ ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಬಂದು ವಾಂತಿಭೇದಿಯಾಗುವ ಅಪಾಯವಿದೆ.

ಡಬ್ಬದ ಪುಡಿ ಬೇಕೇ?

ಅಂಗಡಿಯ ವೇ ಪುಡಿ ಎಂದರೆ ಹಾಲು ಒಡೆದು ಚೀಸ್ ಮಾಡುವಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನು. ಅದು ವಿಷವೂ ಅಲ್ಲ, ಅಮೃತವೂ ಅಲ್ಲ. ಒಂದು ಅಳತೆ ಚಮಚದಲ್ಲಿ 24 ಗ್ರಾಮಿನಷ್ಟು ಪ್ರೋಟೀನು. ಅದು ನಾಲ್ಕು ಮೊಟ್ಟೆಗೆ ಸಮ. ಒಂದು ಕಿಲೊ ಡಬ್ಬದಲ್ಲಿ ಅಂಥ 30 ಚಮಚದಷ್ಟು ಬರುತ್ತದೆ. ಕೊಳ್ಳುವ ಮೊದಲು ಡಬ್ಬದ ಬೆಲೆಯನ್ನು 30ರಿಂದ ಭಾಗಿಸಿ, ನಾಲ್ಕು ಮೊಟ್ಟೆಯ ಬೆಲೆಯೊಂದಿಗೆ ಹೋಲಿಸಿರಿ. ಒಂದು ಹಿಡಿ ಹುರುಳಿಯ ಬೆಲೆಯೊಂದಿಗೂ ಹೋಲಿಸಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ಇಲ್ಲಿ ಬೇರೆ ವಿವರಣೆ ಬೇಕಾಗಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲು ಪ್ರೋಟೀನು ಪುಡಿಗಳನ್ನು ಬಳಸದಿರುವುದೇ ಒಳ್ಳೆಯದೆಂದು ಹೇಳಿದೆ. ಅವುಗಳಲ್ಲಿ ಸಕ್ಕರೆ, ಕೃತಕ ಸಿಹಿ ಮತ್ತು ಪರಿಮಳ ಸೇರಿರಬಹುದೆಂದೂ, ದೀರ್ಘಕಾಲ ಅತಿಯಾಗಿ ಪ್ರೋಟೀನು ತೆಗೆದುಕೊಳ್ಳುವುದು ಎಲುಬಿಗೂ ಮೂತ್ರಪಿಂಡಕ್ಕೂ ಹಾನಿಕರವಾಗಬಹುದೆಂದೂ ಎಚ್ಚರಿಸಿದೆ. ಅಷ್ಟಾದರೂ ಕೊಳ್ಳುವವರು 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇಲ್ಲದ, ಬಿಲ್ಲು ಕೊಡದ ಡಬ್ಬವನ್ನು ಮುಟ್ಟಬೇಡಿ.

ಪುಡಿಗಿಂತ ದೊಡ್ಡ ಅಪಾಯ ಸೂಜಿಯದು. ಬೇಗ ಮೈ ಬರಲೆಂದು ಸ್ಟಿರಾಯ್ಡ್ ಚುಚ್ಚುಮದ್ದು, ಮಾತ್ರೆ ಕೊಡುವವರು ಕೆಲವು ಕಡೆ ಇದ್ದಾರೆ. ಇವು ಹೃದಯವನ್ನೂ ಯಕೃತ್ತನ್ನೂ ಕೆಡಿಸಬಲ್ಲವು; ಗಂಡಸರಲ್ಲಿ ವೀರ್ಯಾಣು ಕುಗ್ಗಿ ಮಕ್ಕಳಾಗುವುದಕ್ಕೇ ತೊಂದರೆ ತರಬಲ್ಲವು. ತಂದೆತಾಯಂದಿರು ಮಗನನ್ನು ಗದರಿಸದೆ, ಹತ್ತಿರ ಕುಳ್ಳಿರಿಸಿ ಈ ವಿಷಯ ಕೇಳಬೇಕು.

ಯಾರು ವೈದ್ಯರನ್ನು ಕೇಳಬೇಕು?

ಮೂತ್ರಪಿಂಡ ಆರೋಗ್ಯವಾಗಿರುವವರಿಗೆ ಆಹಾರದಿಂದ ಬರುವ 1.6ರವರೆಗಿನ ಪ್ರೋಟೀನಿನಿಂದ ಹಾನಿ ಕಂಡುಬಂದಿಲ್ಲ. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಇದು ಬೇರೆ ಮಾತು. ಅವರು ವೈದ್ಯರು ಹೇಳಿದ ಮಿತಿಯಲ್ಲೇ ಇರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಯೂರಿಕ್ ಆಮ್ಲದ ಸಂಧಿನೋವು ಇರುವವರು ಬೂತಾಯಿ ಮತ್ತು ಕರುಳು, ಈಲಿಯಂಥ ಮಾಂಸ ಕಡಿಮೆ ಮಾಡಲಿ. ಒಣಮೀನಿನಲ್ಲಿ ಪ್ರೋಟೀನು ಹೆಚ್ಚಿದ್ದರೂ ಉಪ್ಪು ಅದಕ್ಕಿಂತ ಹೆಚ್ಚು ಕಾಡುವ ವಸ್ತು. ರಕ್ತದೊತ್ತಡದವರಿಗೆ ಅದು ಸಲ್ಲದು.

ಇನ್ನೊಂದು: ಪ್ರೋಟೀನು ಸ್ನಾಯು ಕಟ್ಟುತ್ತದೆ, ಬೆನ್ನೆಲುಬನ್ನು ಕಾಯುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಪ್ರೌಢ ಗಂಡಸು ಹೊರುವ ಭಾರ 55 ಕಿಲೊ ಮೀರಬಾರದೆಂದು ಶಿಫಾರಸು ಮಾಡಿದೆ. ಗೋಣಿ ತುಂಬುವವರೇ ಇದನ್ನು ನೆನಪಿಡಬೇಕು. ದಿನದ ದುಡಿಮೆಯ ನಂತರ ಕುಡಿಯುವ ಶರಾಬು ಸ್ನಾಯುವಿನ ದುರಸ್ತಿಯನ್ನು ತಡೆಯುತ್ತದೆ; ಮನೆಯವರ ಮೊಟ್ಟೆಯ ದುಡ್ಡನ್ನೂ ಅದೇ ನುಂಗುತ್ತದೆ.

ಮೂರನೆಯವರು

ಮೊದಲಿಗೆ ಹೇಳಿದ ಆ ಮೂರನೆಯ ವ್ಯಕ್ತಿ ಮನೆಯ ಹೆಂಗಸು. ನೀರಿನ ಕೊಡ, ಹುಲ್ಲಿನ ಹೊರೆ, ಸೊಪ್ಪಿನ ಕಟ್ಟು, ಸೊಂಟದ ಮಗು. ಆಕೆಯೂ ಭಾರ ಎತ್ತುವವಳೇ. ಆದರೆ ಆಕೆಯನ್ನು ಯಾರೂ ಆ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಎಲ್ಲರೂ ಉಂಡ ಮೇಲೆ ಆಕೆ ಉಣ್ಣುವಾಗ ಮೀನಿನ ತುಂಡು ಮುಗಿದು ಸಾರು ಉಳಿದಿರುತ್ತದೆ.

ಗರ್ಭಿಣಿಗೆ ಕೊನೆಯ ಮೂರು ತಿಂಗಳು ದಿನಕ್ಕೆ 22 ಗ್ರಾಂ ಹೆಚ್ಚಿಗೆ ಬೇಕು. ಅಂದರೆ 46ರ ಬದಲು 68. ಎದೆಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು ಸುಮಾರು 17 ಗ್ರಾಂ ಹೆಚ್ಚಿಗೆ. ಮಗನ ಡಬ್ಬಕ್ಕೆ ಸಾಲ ಮಾಡುವ ಮನೆಯಲ್ಲಿ ಸೊಸೆಯ ತಟ್ಟೆಗೆ ಒಂದು ಮೊಟ್ಟೆ ಬೀಳದಿದ್ದರೆ, ಆ ಮನೆಯ ಲೆಕ್ಕ ದೇವರ ಮುಂದೆಯೂ ಸರಿಹೋಗದು. ಎಲ್ಲರೂ ಒಟ್ಟಿಗೆ ಕುಳಿತು, ಮೀನನ್ನು ಎಣಿಸಿ ಹಂಚಿ ಉಣ್ಣುವ ಪದ್ಧತಿಯನ್ನು ಈ ವಾರವೇ ಆರಂಭಿಸಬಹುದು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ತಪಸ್ಸುಕಾಲದಲ್ಲಿ

ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟರೆ ಶಕ್ತಿ ಕುಂದುವುದೆಂದು ಕೆಲವರು ಹೇಳುತ್ತಾರೆ. 14 ವರ್ಷ ತುಂಬಿದವರಿಗೆ ಇರುವ ಈ ನಿಯಮ ಮಾಂಸಕ್ಕೆ ಮಾತ್ರ. ಮೀನು, ಮೊಟ್ಟೆ, ಹಾಲಿಗೆ ಅಡ್ಡಿಯಿಲ್ಲ. ಸ್ವಂತ ಇಚ್ಛೆಯಿಂದ ಮೀನು ಮೊಟ್ಟೆಯನ್ನೂ ಬಿಡುವವರು 50 ಗ್ರಾಂ ಹುರುಳಿ, 50 ಗ್ರಾಂ ಹೆಸರು, 300 ಮಿಲಿ ಹಾಲು, 30 ಗ್ರಾಂ ನೆಲಗಡಲೆ ಸೇರಿಸಿಕೊಂಡರೆ 38 ಗ್ರಾಂ ಸಿಕ್ಕಿ ಒಟ್ಟು 80 ಆಗುತ್ತದೆ. ದಾನಿಯೇಲನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಅರಸನ ಭೋಜನ ಬಿಟ್ಟು ಹತ್ತು ದಿನ ಕಾಯಿಪಲ್ಯ ತಿಂದ ಯುವಕರ ಮುಖ ಬಾಡಲಿಲ್ಲ ಎಂಬುದನ್ನು ನಾವೆಲ್ಲ ಓದಿದ್ದೇವೆ.

ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ವರ್ಷದಿಂದ 59 ವರ್ಷ ತುಂಬುವವರೆಗಿನವರಿಗೆ. ಒಂದೆರಡು ದಿನದ ಉಪವಾಸದಿಂದ ಸ್ನಾಯು ಕರಗದು. ರೋಗಿಗಳು, ಗರ್ಭಿಣಿಯರು, ಬಾಣಂತಿಯರು ಹಟ ಹಿಡಿಯಬಾರದು. ಆ ದಿನವೇ ಭಾರವಾದ ಕೆಲಸ ತಪ್ಪಿಸಲಾಗದವರು ಧರ್ಮಗುರುಗಳಲ್ಲಿ ಕೇಳಿಕೊಳ್ಳಲಿ.

ಗದ್ದೆಯಿಂದ ತಟ್ಟೆಗೆ

ಕೊನೆಯದಾಗಿ ಕೃಷಿಯ ಮಾತು. ಬೆಟ್ಟು ಗದ್ದೆಯಲ್ಲಿ ಏಣೇಲು ಕೊಯ್ದ ಮೇಲೆ ಹುರುಳಿ, ಉದ್ದು. ಬೈಲು ಗದ್ದೆಯಲ್ಲಿ ಸುಗ್ಗಿ ಕೊಯ್ದ ಮೇಲೆ ಹೆಸರು, ಅಲಸಂಡೆ ಹಾಕುವ ವಾಡಿಕೆ ನಮ್ಮಲ್ಲಿತ್ತು. ಈಗ ಹಲವು ಗದ್ದೆಗಳು ಬೇಸಗೆಯಲ್ಲಿ ಹಡಿಲು ಬಿದ್ದಿರುತ್ತವೆ. ಹೆಸರಿಗೆ ಎಕರೆಗೆ 8ರಿಂದ 10 ಕಿಲೊ ಬೀಜ ಸಾಕು. ಮಣ್ಣಿನಲ್ಲಿ ಉಳಿದ ಪಸೆಯಲ್ಲೇ ಬೆಳೆದು 65ರಿಂದ 75 ದಿನದಲ್ಲಿ ಕೊಯ್ಲಿಗೆ ಬರುತ್ತದೆ. ಬಿತ್ತುವ ಮೊದಲು ಬೀಜಕ್ಕೆ ರೈಜೋಬಿಯಂ ಜೀವಾಣು ಗೊಬ್ಬರ ಲೇಪಿಸಿ ನೆರಳಿನಲ್ಲಿ ಆರಿಸಿರಿ. ಬೇರಿನ ಗಂಟುಗಳಲ್ಲಿ ಸಾರಜನಕ ಸೇರಿ ಮುಂದಿನ ಭತ್ತಕ್ಕೂ ಗೊಬ್ಬರವಾಗುತ್ತದೆ.

ಲೆಕ್ಕ ನೋಡಿ. ಎಕರೆಗೆ ಎರಡು ಕ್ವಿಂಟಲ್ ಮಾತ್ರ ಬಂದರೂ ಅರ್ಧ ಎಕರೆಯಲ್ಲಿ 100 ಕಿಲೊ. ಐದು ಜನರ ಮನೆಗೆ ವರ್ಷವಿಡೀ ತಲೆಗೆ ದಿನಕ್ಕೆ ಸುಮಾರು 55 ಗ್ರಾಂ ಕಾಳು, ಅಂದರೆ 12 ಗ್ರಾಂ ಪ್ರೋಟೀನು. ನಮ್ಮ ಕೆಲಸಗಾರನಿಗೆ ಕನಿಷ್ಠಕ್ಕೆ ಕಡಿಮೆಯಾಗಿದ್ದ 8 ಗ್ರಾಂ ಇದರಿಂದಲೇ ತುಂಬಿತು! ಕಾಳನ್ನು ಚೆನ್ನಾಗಿ ಒಣಗಿಸಿ, ಕಿಲೊಗೆ ಒಂದು ಚಮಚ ತೆಂಗಿನೆಣ್ಣೆ ಸವರಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟರೆ ಹುಳ ಬೀಳುವುದು ಕಡಿಮೆ.

ಗದ್ದೆಯಿಲ್ಲದೆ ಅಡಿಕೆ ತೋಟ ಮಾತ್ರ ಇರುವವರು ಐದಾರು ಹೇಂಟೆ ಸಾಕಬಹುದು. ಮಣ್ಣುತ್ತಿಯ ಗ್ರಾಮಲಕ್ಷ್ಮಿ, ಬೆಂಗಳೂರಿನ ಗಿರಿರಾಜ ತಳಿಗಳು ಹಿತ್ತಲಿಗೆಂದೇ ಬೆಳೆಸಿದವು. ನಮ್ಮದೇ ಕಾಸರಗೋಡಿನ ಗಿಡ್ಡ ದನ ಒಂದೆರಡು ಲೀಟರ್ ಹಾಲು ಕೊಟ್ಟರೂ ಸಾಕುವ ಖರ್ಚು ಅಲ್ಪ. ಮೊಟ್ಟೆ, ಹಾಲು ಎಲ್ಲವನ್ನೂ ಮಾರಿ ಬಿಸ್ಕತ್ತು ತರುವ ಮೊದಲು ಮನೆಯವರ ಪಾಲು ತೆಗೆದಿಡಿ.

ಮನೆಪಾಠ

1. ಮನೆಯ ಪ್ರತಿಯೊಬ್ಬರ ತೂಕ ಬರೆದು, ಅವರವರಿಗೆ ಎಷ್ಟು ಗ್ರಾಂ ಬೇಕೆಂದು ಲೆಕ್ಕ ಹಾಕಿರಿ. ಹೆಂಗಸರ ಹೆಸರು ಮೊದಲು ಬರೆಯಿರಿ.
2. ನಿನ್ನೆಯ ಮೂರು ಹೊತ್ತಿನ ಊಟದಲ್ಲಿ ಎಷ್ಟು ಸಿಕ್ಕಿತು? ಯಾವ ಹೊತ್ತಿನಲ್ಲಿ ತೀರಾ ಕಡಿಮೆ?
3. ಆ ಹೊತ್ತಿಗೆ ಮನೆಯಲ್ಲೇ ಇರುವ ಯಾವ ಒಂದು ವಸ್ತುವನ್ನು ಸೇರಿಸಬಹುದು?

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ದೇವರು ಕೊಟ್ಟ ದೇಹವನ್ನು ದುಡಿಸುವ ನಾವು ಅದಕ್ಕೆ ಸಲ್ಲಬೇಕಾದ ಕೂಲಿಯನ್ನೂ ಕೊಡೋಣ.